ಕೆನಡಾದಲ್ಲಿ ಕಾಯಂ ವಾಸ: ವಲಸೆಯ ದಾರಿಗಳು ಮತ್ತು ಕಾನೂನಿನ ನೆರವು

ಕೆನಡಾದ ಕಾಯಂ ವಾಸದ ಹಕ್ಕನ್ನು ಆಡುಮಾತಿನಲ್ಲಿ ಪಿಆರ್ ಎನ್ನುತ್ತಾರೆ. ಇದು ಪೌರತ್ವವಲ್ಲದಿದ್ದರೂ ಅದಕ್ಕೆ ತೀರ ಹತ್ತಿರದ್ದು. ಪಿಆರ್ ಸಿಕ್ಕವರು ಆ ದೇಶದ ಯಾವ ಪ್ರಾಂತ್ಯದಲ್ಲಾದರೂ ನೆಲೆಸಬಹುದು, ಯಾರ ಬಳಿಯಾದರೂ ಕೆಲಸಕ್ಕೆ ಸೇರಬಹುದು, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬಹುದು, ಪ್ರಾಂತ್ಯದ ಆರೋಗ್ಯ ವಿಮೆಗೆ ಸೇರಬಹುದು. ಆದರೆ ಓಟು ಹಾಕುವಂತಿಲ್ಲ, ಕೆನಡಾದ ಪಾಸ್‌ಪೋರ್ಟ್ ಸಿಗುವುದಿಲ್ಲ, ಗಂಭೀರ ಅಪರಾಧದಲ್ಲಿ ಸಿಕ್ಕಿಬಿದ್ದರೆ ಹಕ್ಕೇ ಕೈತಪ್ಪಬಹುದು. ಇದನ್ನೆಲ್ಲ ನಿಯಂತ್ರಿಸುವುದು 2001ರಲ್ಲಿ ಅಂಗೀಕಾರವಾಗಿ 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ. ಅರ್ಜಿಗಳನ್ನು ತೀರ್ಮಾನಿಸುವುದು ಐಆರ್‌ಸಿಸಿ ಎಂಬ ಹೆಸರಿನ ಕೇಂದ್ರ ವಲಸೆ ಇಲಾಖೆ.

ಈ ವ್ಯವಸ್ಥೆ ನಿಂತಿರುವುದು ಅರ್ಜಿದಾರರು ತಮ್ಮ ಬಗ್ಗೆ ತಾವೇ ಕೊಡುವ ಹೇಳಿಕೆಯ ಮೇಲೆ. ಫಾರಂ ತುಂಬಿದವರು ವಕೀಲರಾಗಿರಲಿ, ಕನ್ಸಲ್ಟೆಂಟ್ ಆಗಿರಲಿ, ಪಕ್ಕದ ಮನೆಯ ಹುಡುಗನೇ ಆಗಿರಲಿ, ಅದರಲ್ಲಿ ಬರೆದದ್ದಕ್ಕೆ ಕಾನೂನು ಹೊಣೆ ಮಾಡುವುದು ಅರ್ಜಿದಾರರನ್ನೇ. ಲಕ್ಷಾಂತರ ರೂಪಾಯಿ ಕೊಟ್ಟು ಫೈಲ್ ಹಾಕಿಸುವ ಅನೇಕರಿಗೆ ಇದು ಗೊತ್ತಾಗುವುದು ತಡವಾಗಿ. ಕಾನೂನಿನ ನೆರವು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನೂ ಇದೇ ಅಳತೆಯಲ್ಲಿ ನೋಡಬೇಕಾಗುತ್ತದೆ.

ಹಿನ್ನೆಲೆ

ಭಾರತೀಯರಿಗೆ ಕೆನಡಾದ ಬಾಗಿಲು ಬಹುಕಾಲ ಮುಚ್ಚಿತ್ತು. 1908ರಲ್ಲಿ ಬಂದ ಒಂದು ನಿಯಮದ ಪ್ರಕಾರ, ವಲಸಿಗರು ತಮ್ಮ ದೇಶದಿಂದ ಎಲ್ಲಿಯೂ ಪ್ರಯಾಣ ಮುರಿಯದೆ ಒಂದೇ ಟಿಕೆಟ್ಟಿನಲ್ಲಿ ಬರಬೇಕಿತ್ತು. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ಭಾರತದ ಹೆಸರೆತ್ತದೆಯೇ ಭಾರತೀಯರನ್ನು ತಡೆದ ನಿಯಮ ಅದು. ಅದನ್ನು ಪ್ರಶ್ನಿಸಿ 1914ರ ಮೇ ತಿಂಗಳಲ್ಲಿ 376 ಮಂದಿಯನ್ನು ಹೊತ್ತ ಕೊಮಗಾಟ ಮಾರು ಹಡಗು ವ್ಯಾಂಕೂವರ್ ಬಂದರಿಗೆ ಬಂತು. ಬಹುಪಾಲು ಪ್ರಯಾಣಿಕರನ್ನು ಅಧಿಕಾರಿಗಳು ದಡಕ್ಕೆ ಇಳಿಯಗೊಡಲಿಲ್ಲ. ಮೊದಲೇ ಬಂದು ನೆಲೆಸಿದ್ದ ಭಾರತೀಯರು ಸಮಿತಿ ಕಟ್ಟಿ, ಹಣ ಕೂಡಿಸಿ, ಎಡ್ವರ್ಡ್ ಬರ್ಡ್ ಎಂಬ ವಕೀಲರನ್ನು ನೇಮಿಸಿಕೊಂಡರು. ತಮ್ಮ ಕಕ್ಷಿದಾರರನ್ನು ಕಂಡು ಮಾತಾಡುವುದಕ್ಕೇ ಅವರಿಗೆ ಅಡ್ಡಿಗಳು ಎದುರಾದವು. ಮುನ್ಶಿ ಸಿಂಗ್ ಎಂಬ ಒಬ್ಬ ಪ್ರಯಾಣಿಕರ ಹೆಸರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯದಲ್ಲಿ ಅವರಿಗೆ ಸೋಲಾಯಿತು, ಹಡಗು ಜುಲೈನಲ್ಲಿ ವಾಪಸಾಯಿತು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಆಡಳಿತ ಗುಂಡು ಹಾರಿಸಿತು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2016ರ ಮೇ 18ರಂದು.

1951ರಲ್ಲಿ ಭಾರತಕ್ಕೆ ವರ್ಷಕ್ಕೆ 150 ಜನರ ಕೋಟಾ ಸಿಕ್ಕಿತು, 1957ರಲ್ಲಿ ಅದು 300 ಆಯಿತು. ಜನಾಂಗ ನೋಡಿ ಆಯ್ಕೆ ಮಾಡುವ ಪದ್ಧತಿಯನ್ನು 1962ರ ನಿಯಮಗಳು ಬಹುಮಟ್ಟಿಗೆ ತೆಗೆದುಹಾಕಿದವು. 1967ರಲ್ಲಿ ಬಂದ ಅಂಕ ಪದ್ಧತಿ ವಿದ್ಯೆ, ಭಾಷೆ, ವಯಸ್ಸು, ಕಸುಬುಗಳಿಗೆ ಅಂಕ ಕೊಡತೊಡಗಿತು. ದಕ್ಷಿಣ ಭಾರತದ ಇಂಜಿನಿಯರು, ವೈದ್ಯರು, ಮೇಷ್ಟರುಗಳಿಗೆ ಕೆನಡಾ ಕೈಗೆಟುಕಿದ್ದು ಆಮೇಲೆಯೇ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿ, 2015ರಲ್ಲಿ ಕೆನಡಾದ ಸಂಸದರಾಗಿ ಆಯ್ಕೆಯಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದರು.

ಎಕ್ಸ್‌ಪ್ರೆಸ್ ಎಂಟ್ರಿ

ಇಂದು ಕರ್ನಾಟಕದ ವಿದ್ಯಾವಂತರು ಹೆಚ್ಚಾಗಿ ಹಿಡಿಯುವ ದಾರಿ 2015ರ ಜನವರಿ 1ರಂದು ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ. ಇದರಲ್ಲಿ ಮೂರು ಯೋಜನೆಗಳಿವೆ: ಹೊರದೇಶದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುವ ಫೆಡರಲ್ ಸ್ಕಿಲ್ಡ್ ವರ್ಕರ್, ಕೆನಡಾದಲ್ಲೇ ದುಡಿದವರಿಗಾಗಿ ಇರುವ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್, ಎಲೆಕ್ಟ್ರಿಷಿಯನ್, ವೆಲ್ಡರ್ ಮೊದಲಾದ ಕಸುಬುದಾರರ ಫೆಡರಲ್ ಸ್ಕಿಲ್ಡ್ ಟ್ರೇಡ್ಸ್.

ಬೆಂಗಳೂರಿನಲ್ಲಿ ಕುಳಿತು ಅರ್ಜಿ ಹಾಕುವವರು ಸಾಮಾನ್ಯವಾಗಿ ಮೊದಲನೆಯದಕ್ಕೆ ಸೇರುತ್ತಾರೆ. ಅದರಲ್ಲಿ ಮೊದಲು 100ಕ್ಕೆ 67 ಅಂಕ ಗಳಿಸಿ ಅರ್ಹರಾಗಬೇಕು. ಕಳೆದ ಹತ್ತು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಬಿಡುವಿಲ್ಲದ ಪೂರ್ಣಾವಧಿ ನುರಿತ ಕೆಲಸ ಮಾಡಿರಬೇಕು. ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 6ಕ್ಕೆ ಕಡಿಮೆ ಬರಬಾರದು. ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ, ಪದವಿಯ ಮೌಲ್ಯಮಾಪನ ವರದಿಗೆ ಐದು ವರ್ಷ ಆಯುಷ್ಯ. ಇಷ್ಟಾದ ಮೇಲೆ ಪ್ರೊಫೈಲ್ ಪೂಲ್‌ಗೆ ಬೀಳುತ್ತದೆ, ಅಲ್ಲಿ ಸಿಆರ್‌ಎಸ್ ಎಂಬ 1200 ಅಂಕಗಳ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಇಲಾಖೆ ಆಗಾಗ ಡ್ರಾ ನಡೆಸಿ ಹೆಚ್ಚು ಸ್ಕೋರಿನವರನ್ನು ಆಹ್ವಾನಿಸುತ್ತದೆ. ಆಹ್ವಾನ ಬಂದ 60 ದಿನಗಳೊಳಗೆ ಪೂರ್ತಿ ಅರ್ಜಿ ಸಲ್ಲಿಸಬೇಕು.

ಈ ಲೆಕ್ಕದಲ್ಲಿ ವಯಸ್ಸಿನ ಪೆಟ್ಟು ಬಲವಾದದ್ದು. ಒಬ್ಬರೇ ಅರ್ಜಿ ಹಾಕಿದರೆ 20ರಿಂದ 29ರವರೆಗೆ ವಯಸ್ಸಿಗೆ ಪೂರ್ತಿ 110 ಅಂಕ. 35ಕ್ಕೆ ಅದು 77, 40ಕ್ಕೆ 50, 45 ಆದರೆ ಸೊನ್ನೆ. ಹತ್ತು ವರ್ಷ ಐಟಿಯಲ್ಲಿ ದುಡಿದು, ಮನೆ ಸಾಲ ತೀರಿಸಿ, ಆಮೇಲೆ ನೋಡೋಣ ಎಂದುಕೊಂಡವರ ಸ್ಕೋರ್ ಅಷ್ಟರಲ್ಲಿ ಇಳಿದಿರುತ್ತದೆ. ಯಾವುದಾದರೂ ಪ್ರಾಂತ್ಯ ನಾಮನಿರ್ದೇಶನ ಮಾಡಿದರೆ ಒಂದೇ ಏಟಿಗೆ 600 ಅಂಕ ಸೇರಿ ಆಹ್ವಾನ ಹೆಚ್ಚೂಕಡಿಮೆ ಖಚಿತವಾಗುತ್ತದೆ. 2023ರಿಂದ ಆರೋಗ್ಯ, ಕಟ್ಟಡದ ಕಸುಬುಗಳು, ಫ್ರೆಂಚ್ ಭಾಷೆ ಮುಂತಾದ ವರ್ಗಗಳಿಗೆ ಪ್ರತ್ಯೇಕ ಡ್ರಾಗಳೂ ನಡೆಯುತ್ತಿವೆ. ಕೆನಡಾದ ಅನುಭವವುಳ್ಳವರ ಡ್ರಾಗಳಲ್ಲಿ 2025ರಲ್ಲಿ ಕಟಾಫ್ 500ರ ಮೇಲಿದ್ದರೆ, ಫ್ರೆಂಚ್ ಬಲ್ಲವರ ಕೆಲವು ಡ್ರಾಗಳಲ್ಲಿ ಅದು 400ಕ್ಕೂ ಕೆಳಗಿಳಿದದ್ದುಂಟು. ಹೀಗಾಗಿ ಮೂವತ್ತು ದಾಟಿದವರು ಫ್ರೆಂಚ್ ತರಗತಿಗೆ ಸೇರುವುದು ಹುಚ್ಚಲ್ಲ, ಒಳ್ಳೆಯ ಲೆಕ್ಕಾಚಾರ. ಕನ್ಸಲ್ಟೆಂಟ್‌ಗೆ ಕೊಡುವ ದುಡ್ಡನ್ನು ಭಾಷೆಗೆ ಸುರಿದರೆ ಹೆಚ್ಚು ಫಲ ಸಿಗುವ ಸಂದರ್ಭಗಳು ಬಹಳ.

ಮೊದಲು ಕೆನಡಾದ ಉದ್ಯೋಗದ ಆಫರ್ ಇದ್ದರೆ 50 ಅಥವಾ 200 ಅಂಕ ಸಿಗುತ್ತಿತ್ತು. ಆಫರ್ ಪತ್ರಗಳನ್ನು ಮಾರುವ ದಂಧೆ ಬೆಳೆದದ್ದರಿಂದ 2025ರ ಮಾರ್ಚ್ 25ರಿಂದ ಆ ಅಂಕಗಳನ್ನು ರದ್ದು ಮಾಡಲಾಯಿತು. ಇಷ್ಟು ಲಕ್ಷ ಕೊಟ್ಟರೆ ಆಫರ್ ಕೊಡಿಸಿ ಸ್ಕೋರ್ ಏರಿಸುತ್ತೇವೆ ಎಂದು ಈಗಲೂ ಯಾರಾದರೂ ಹೇಳಿದರೆ ಅದು ಶುದ್ಧ ಮೋಸ.

ಬೇರೆ ದಾರಿಗಳು

ಪ್ರಾಂತ್ಯಗಳ ನಾಮನಿರ್ದೇಶನ ಯೋಜನೆಯನ್ನು 1998ರಲ್ಲಿ ಮೊದಲು ನಡೆಸಿದ್ದು ಮ್ಯಾನಿಟೋಬಾ. ಕ್ವಿಬೆಕ್ ಮತ್ತು ನುನಾವುಟ್ ಬಿಟ್ಟರೆ ಉಳಿದೆಡೆಯೆಲ್ಲ ಇಂಥ ಯೋಜನೆಗಳಿವೆ. 1991ರ ಒಪ್ಪಂದದಂತೆ ಕ್ವಿಬೆಕ್ ತನ್ನ ವಲಸಿಗರನ್ನು ತಾನೇ ಆರಿಸಿಕೊಳ್ಳುತ್ತದೆ. ನಾಮನಿರ್ದೇಶನ ಪಡೆಯುವವರಿಗೆ ಆ ಪ್ರಾಂತ್ಯದಲ್ಲಿ ನೆಲೆಸುವ ನಿಜವಾದ ಉದ್ದೇಶ ಇರಬೇಕು. ಪಿಆರ್ ಬಂದ ಮೇಲೆ ದೇಶದೊಳಗೆ ಎಲ್ಲಿಗಾದರೂ ಹೋಗುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆಯಾದರೂ, ಮೊದಲಿನಿಂದಲೇ ಟೊರಾಂಟೊ ಮನಸ್ಸಿನಲ್ಲಿಟ್ಟುಕೊಂಡು ಸಸ್ಕಾಚೆವಾನ್ ಎಂದು ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಅಟ್ಲಾಂಟಿಕ್ ತೀರದ ನಾಲ್ಕು ಪ್ರಾಂತ್ಯಗಳಿಗೆ ಉದ್ಯೋಗದಾತರ ಮೂಲಕ ಹೋಗುವ ಪ್ರತ್ಯೇಕ ಯೋಜನೆಯಿದೆ, 2017ರಲ್ಲಿ ಪ್ರಯೋಗವಾಗಿ ಬಂದದ್ದು 2022ರಲ್ಲಿ ಕಾಯಂ ಆಯಿತು.

ಕುಟುಂಬದ ದಾರಿಯಲ್ಲಿ ಗಂಡ ಅಥವಾ ಹೆಂಡತಿಯನ್ನು, 22 ತುಂಬದ ಅವಿವಾಹಿತ ಮಕ್ಕಳನ್ನು ಕರೆಸಿಕೊಳ್ಳಬಹುದು. ಸಂಗಾತಿಯನ್ನು ಕರೆಸಿಕೊಂಡವರು ಮೂರು ವರ್ಷ ಅವರ ಖರ್ಚುವೆಚ್ಚದ ಹೊಣೆ ಹೊರಬೇಕು. ಇಲ್ಲಿ ಹೆಣ್ಣುಮಕ್ಕಳು ತಿಳಿದಿರಲೇಬೇಕಾದ ಒಂದು ವಿಷಯವಿದೆ. 2012ರಿಂದ 2017ರ ಏಪ್ರಿಲ್‌ವರೆಗೆ ಕೆಲವು ದಂಪತಿಗಳಿಗೆ ಎರಡು ವರ್ಷ ಒಟ್ಟಿಗೆ ಬಾಳಲೇಬೇಕೆಂಬ ಷರತ್ತಿತ್ತು, ಹೊಡೆತ ಬಡಿತ ಸಹಿಸಿಕೊಂಡು ಉಳಿಯುವ ಸ್ಥಿತಿಯನ್ನು ಅದು ತಂದೊಡ್ಡಿತ್ತು. ಆ ಷರತ್ತು ಈಗಿಲ್ಲ. ಗಂಡನ ಮನೆ ಬಿಟ್ಟರೆ ಪಿಆರ್ ಹೋಗುತ್ತದೆ ಎಂಬ ಬೆದರಿಕೆಗೆ ಕಾನೂನಿನ ಬಲವಿಲ್ಲ.

ತಂದೆತಾಯಿಯರನ್ನು ಕರೆಸಿಕೊಳ್ಳುವುದು ಕಷ್ಟ. ಸತತ ವರ್ಷಗಳ ಆದಾಯ ತೋರಿಸಿ, 20 ವರ್ಷಗಳ ಹೊಣೆ ಬರೆದುಕೊಡಬೇಕು (ಕ್ವಿಬೆಕ್‌ನ ನಿಯಮ ಬೇರೆ). ಅದರ ಮೇಲೆ 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಇಲಾಖೆ ವರ್ಷಗಟ್ಟಲೆ ಆಹ್ವಾನ ಕಳಿಸುತ್ತ ಬಂದಿದೆ. ಹೀಗಾಗಿ ಬಹುತೇಕ ಕುಟುಂಬಗಳು ಒಮ್ಮೆಗೆ ಐದು ವರ್ಷದವರೆಗೂ ಇರಬಹುದಾದ ಸೂಪರ್ ವೀಸಾ ಮಾಡಿಸುತ್ತವೆ. ಅದು ಕಾಯಂ ವಾಸವಲ್ಲ, ವೈದ್ಯಕೀಯ ವಿಮೆಯನ್ನೂ ತಾವೇ ಕೊಳ್ಳಬೇಕು.

ಓದಲು ಹೋಗಿ, ಆಮೇಲೆ ಕೆಲಸದ ಪರ್ಮಿಟ್ ಪಡೆದು, ಅಲ್ಲಿಂದ ಪಿಆರ್‌ಗೆ ಹೋಗುವ ದಾರಿ ಈಗ ಕಿರಿದಾಗಿದೆ. 2024ರಲ್ಲಿ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ 2025ರ ಪಿಆರ್ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿತು. ವಿದ್ಯಾರ್ಥಿ ವೀಸಾ ಸಿಕ್ಕಿದರೆ ಪಿಆರ್ ಸಿಕ್ಕಂತೆಯೇ ಎಂದು ಸಾಲ ಮಾಡಿ ಮಕ್ಕಳನ್ನು ಕಳಿಸುವ ತಂದೆತಾಯಿ ಈ ಅಂಕಿಗಳನ್ನು ನೋಡಿಕೊಳ್ಳಬೇಕು.

ಕಾಗದಪತ್ರಗಳು

ಫೈಲ್‌ಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಮೊದಲನೆಯದು ಹೆಸರು. ಹಳೇ ಮೈಸೂರಿನ ಕಡೆಯ ಅನೇಕರಿಗೆ ಮನೆತನದ ಹೆಸರೇ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಊರು ಮತ್ತು ಅಪ್ಪನ ಇನಿಷಿಯಲ್, ಪದವಿ ಪತ್ರದಲ್ಲಿ ಅದೇ ಇನಿಷಿಯಲ್ ಹೆಸರಿನ ಕೊನೆಗೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಇನ್ನೇನೋ. ಇಲಾಖೆ ನೋಡುವುದು ಪಾಸ್‌ಪೋರ್ಟನ್ನು. ಅದರಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ, ಫಾರಂನ ಮನೆತನದ ಹೆಸರಿನ ಜಾಗದಲ್ಲಿ ಇರುವ ಹೆಸರನ್ನೇ ಬರೆದು ಇನ್ನೊಂದು ಜಾಗವನ್ನು ಖಾಲಿ ಬಿಡಬೇಕು. ವ್ಯತ್ಯಾಸವಿರುವ ಎಲ್ಲ ಹೆಸರುಗಳೂ ಒಬ್ಬರವೇ ಎಂದು ನೋಟರಿ ಮುಂದೆ ಮಾಡಿದ ಅಫಿಡವಿಟ್ ಜೊತೆಗಿಟ್ಟರೆ ಮುಂದಿನ ಪತ್ರವ್ಯವಹಾರ ತಪ್ಪುತ್ತದೆ.

ಎರಡನೆಯದು ಕೆಲಸದ ಅನುಭವ ಪತ್ರ. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಶುಭ ಹಾರೈಕೆ ಇಷ್ಟೇ ಇರುತ್ತದೆ. ಕೆನಡಾದ ಅಧಿಕಾರಿಗೆ ಬೇಕಾದದ್ದು ಮಾಡುತ್ತಿದ್ದ ಕೆಲಸಗಳ ವಿವರ, ವಾರದ ಗಂಟೆಗಳು, ಸಂಬಳ. ಎಚ್‌ಆರ್‌ನವರು ಅದನ್ನು ಕೊಡಲೊಪ್ಪದಿದ್ದರೆ ಮೇಲಿನ ಮ್ಯಾನೇಜರಿಂದ ಪ್ರಮಾಣಪತ್ರ ಬರೆಸಿ, ಜೊತೆಗೆ ಪೇ ಸ್ಲಿಪ್, ಫಾರ್ಮ್ 16, ನೇಮಕಾತಿ ಪತ್ರ, ಎಚ್‌ಆರ್ ನಿರಾಕರಿಸಿದ ಇಮೇಲ್ ಇಡುವುದು ರೂಢಿ. ಕೆನಡಾದ ಉದ್ಯೋಗ ವರ್ಗೀಕರಣದ ಪುಟದಲ್ಲಿರುವ ವಾಕ್ಯಗಳನ್ನು ಹಾಗೆಯೇ ಎತ್ತಿ ಪತ್ರಕ್ಕಿಳಿಸುವುದು ಕನ್ಸಲ್ಟೆನ್ಸಿಗಳ ಹಳೆಯ ಚಾಳಿ. ಅಧಿಕಾರಿಗಳಿಗೆ ಆ ವಾಕ್ಯಗಳು ಬಾಯಿಪಾಠ, ನೋಡಿದ ಕೂಡಲೇ ಅನುಮಾನ ಮೂಡುತ್ತದೆ.

ಮೂರನೆಯದು ಹಣ. ಅಲ್ಲಿ ಹೋಗಿ ನೆಲೆಯೂರಲು ಬೇಕಾದ ಮೊತ್ತವನ್ನು ಇಲಾಖೆ ವರ್ಷವರ್ಷವೂ ಪರಿಷ್ಕರಿಸುತ್ತದೆ. ಆ ಹಣ ಸಾಲದ್ದಾಗಿರಬಾರದು. ಸೈಟು, ಮನೆ, ಒಡವೆಯ ಬೆಲೆ ಲೆಕ್ಕಕ್ಕಿಲ್ಲ. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಇರಬೇಕು. ಅರ್ಜಿಯ ಹಿಂದಿನ ವಾರ ಭಾವನಿಂದಲೋ ಫೈನಾನ್ಸ್‌ನಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ಹಾಕಿದರೆ ಅದು ಎದ್ದು ಕಾಣುತ್ತದೆ.

ಇವಲ್ಲದೆ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್, ಇಲಾಖೆ ಗೊತ್ತುಮಾಡಿದ ವೈದ್ಯರಲ್ಲೇ ಆರೋಗ್ಯ ತಪಾಸಣೆ, ಬೆರಳಚ್ಚು. ಕುಡಿದು ವಾಹನ ಓಡಿಸಿದ ಕೇಸನ್ನು ನಮ್ಮಲ್ಲಿ ದಂಡ ಕಟ್ಟಿ ಮರೆತುಬಿಡುತ್ತಾರೆ. 2018ರ ಡಿಸೆಂಬರ್‌ನಿಂದ ಕೆನಡಾದ ವಲಸೆ ಕಾನೂನು ಅದನ್ನು ಗಂಭೀರ ಅಪರಾಧವೆಂದೇ ಎಣಿಸುತ್ತದೆ. ಅಂಥದ್ದಿದ್ದರೆ ಅರ್ಜಿಗೆ ಮುನ್ನವೇ ವಕೀಲರನ್ನು ಕಾಣಬೇಕು.

ಹೇಳದೆ ಬಿಟ್ಟದ್ದೂ ಸುಳ್ಳಿಗೆ ಸಮ. ಜೊತೆಗೆ ಬರದಿದ್ದರೂ ಹೆಂಡತಿ ಮಕ್ಕಳೆಲ್ಲರನ್ನೂ ಅರ್ಜಿಯಲ್ಲಿ ತೋರಿಸಬೇಕು. ಆಹ್ವಾನ ಬಂದ ಮೇಲೆ ಮದುವೆಯಾದರೂ, ಮಗು ಹುಟ್ಟಿದರೂ ತಿಳಿಸಬೇಕು. ಮುಚ್ಚಿಟ್ಟರೆ ಅವರನ್ನು ಮುಂದೆ ಕುಟುಂಬದ ದಾರಿಯಲ್ಲಿ ಕರೆಸಿಕೊಳ್ಳುವ ಅವಕಾಶವನ್ನೇ ನಿಯಮ ಕಿತ್ತುಕೊಳ್ಳುತ್ತದೆ, ಸೀಮಿತ ವಿನಾಯಿತಿ ಮಾತ್ರ ಇದೆ. ಕಾಯ್ದೆಯ 40ನೇ ಕಲಮಿನ ಪ್ರಕಾರ ಮುಖ್ಯ ವಿಷಯದಲ್ಲಿ ತಪ್ಪು ಹೇಳಿದವರಿಗೆ, ಮುಚ್ಚಿಟ್ಟವರಿಗೆ ಐದು ವರ್ಷ ಪ್ರವೇಶವಿಲ್ಲ. 2014ರ ಮುಂಚೆ ಇದು ಎರಡು ವರ್ಷವಿತ್ತು.

ಯಾರು ಪ್ರತಿನಿಧಿಯಾಗಬಹುದು

ಹಣ ಪಡೆದು ವಲಸೆ ಸಲಹೆ ಕೊಡುವ, ಅರ್ಜಿದಾರರ ಪರ ವ್ಯವಹರಿಸುವ ಅಧಿಕಾರವನ್ನು ಕಾಯ್ದೆಯ 91ನೇ ಕಲಮು ಕೆಲವರಿಗೆ ಮಾತ್ರ ಕೊಟ್ಟಿದೆ: ಪ್ರಾಂತ್ಯಗಳ ಲಾ ಸೊಸೈಟಿಯ ಸದಸ್ಯರಾದ ವಕೀಲರು ಮತ್ತು ಪ್ಯಾರಾಲೀಗಲ್‌ಗಳು, ಕ್ವಿಬೆಕ್‌ನ ನೋಟರಿಗಳು, ಮತ್ತು ಆರ್‌ಸಿಐಸಿ ಎಂದು ಕರೆಯುವ ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗಳು. ದುಡ್ಡು ತೆಗೆದುಕೊಳ್ಳದೆ ನೆಂಟರು, ಸ್ನೇಹಿತರು ನೆರವಾಗಲು ಅಡ್ಡಿಯಿಲ್ಲ.

ವಕೀಲರಲ್ಲದ ಕನ್ಸಲ್ಟೆಂಟ್‌ಗಳು ವಲಸೆ ಮಂಡಳಿಯ ಮುಂದೆ ವಾದಿಸಬಹುದೆಂದು ಸುಪ್ರೀಂ ಕೋರ್ಟ್ 2001ರ ಮಂಗತ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅವರನ್ನು ಹದ್ದುಬಸ್ತಿನಲ್ಲಿಡಲು ಆಮೇಲೆ ಒಂದರ ಹಿಂದೊಂದು ಎರಡು ಸಂಸ್ಥೆಗಳು ಬಂದವು, ಎರಡೂ ಜನರ ವಿಶ್ವಾಸ ಗಳಿಸಲಿಲ್ಲ. 2017ರಲ್ಲಿ ಸಂಸದೀಯ ಸಮಿತಿಯೊಂದು ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕೆಂದಿತು. 2019ರಲ್ಲಿ ಕಾಯ್ದೆ ಬಂತು. 2021ರ ನವೆಂಬರ್ 23ರಂದು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಬಾಗಿಲು ತೆರೆಯಿತು. ಲೈಸೆನ್ಸ್ ಪಡೆದವರ ಪಟ್ಟಿ ಅದರ ಜಾಲತಾಣದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಹೆಸರು, ಆರ್ ಅಕ್ಷರದಿಂದ ಶುರುವಾಗುವ ಲೈಸೆನ್ಸ್ ಸಂಖ್ಯೆ, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನು ಐದು ನಿಮಿಷದಲ್ಲಿ ನೋಡಬಹುದು.

ನಮ್ಮ ನಗರಗಳಲ್ಲಿ ಸಮಸ್ಯೆ ಬೇರೆ ರೂಪದಲ್ಲಿದೆ. ಕೆನಡಾದಲ್ಲಿರುವ ಯಾರದೋ ಲೈಸೆನ್ಸ್ ಪ್ರತಿ ಇಲ್ಲಿಯ ಆಫೀಸಿನ ಗೋಡೆಯ ಮೇಲಿರುತ್ತದೆ, ಫೈಲ್ ನೋಡಿಕೊಳ್ಳುವುದು ಟಾರ್ಗೆಟ್ ಇರುವ ಸೇಲ್ಸ್ ಹುಡುಗರು. ಇದನ್ನು ಪತ್ತೆ ಮಾಡಲು ಸರಳ ಉಪಾಯವಿದೆ: ಪ್ರತಿನಿಧಿಯನ್ನು ನೇಮಿಸುವ ಐಎಂಎಂ 5476 ಫಾರಂಗೆ ಆ ಲೈಸೆನ್ಸುದಾರರು ಸಹಿ ಹಾಕುತ್ತಾರೆಯೇ ಎಂದು ಕೇಳುವುದು. ‘ಅದೆಲ್ಲ ಬೇಡ ಸರ್, ನಿಮ್ಮ ಅಕೌಂಟ್‌ನಿಂದಲೇ ಹಾಕೋಣ, ಯಾರ ಹೆಲ್ಪೂ ತಗೊಂಡಿಲ್ಲ ಅಂತ ಬರೀರಿ’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರಬೇಕು. ಆ ಒಂದು ವಾಕ್ಯದಲ್ಲಿ ಅವರು ತಮ್ಮನ್ನು ಕಾಯ್ದೆಯಿಂದ ಬಚ್ಚಿಟ್ಟುಕೊಂಡು ನಿಮ್ಮ ಬಾಯಿಂದ ಸುಳ್ಳು ಹೇಳಿಸುತ್ತಿದ್ದಾರೆ. ಲಿಖಿತ ಒಪ್ಪಂದ ಕೊಡದವರು, ಗ್ಯಾರಂಟಿ ಮಾತಾಡುವವರು, ಲಾಗಿನ್ ಪಾಸ್‌ವರ್ಡ್ ತಮ್ಮಲ್ಲೇ ಇಟ್ಟುಕೊಳ್ಳುವವರು ಇದೇ ಸಾಲಿಗೆ ಸೇರುತ್ತಾರೆ.

2023ರಲ್ಲಿ ಭಾರತದ ಅನೇಕ ವಿದ್ಯಾರ್ಥಿಗಳು ಗಡೀಪಾರಿನ ಅಂಚಿಗೆ ಬಂದದ್ದು ಇದಕ್ಕೆ ಸಾಕ್ಷಿ. ಏಜೆಂಟ್ ಕೊಟ್ಟ ಕಾಲೇಜು ಪ್ರವೇಶ ಪತ್ರ ನಕಲಿಯೆಂಬುದು ಅವರಲ್ಲಿ ಹಲವರಿಗೆ ತಿಳಿದದ್ದು ಓದು ಮುಗಿಸಿ, ಕೆಲಸ ಹಿಡಿದು, ಪಿಆರ್‌ಗೆ ಅರ್ಜಿ ಹಾಕಿದಾಗ. ನಿಜವಾಗಿ ಓದಲು ಬಂದವರನ್ನು ಬೇರ್ಪಡಿಸಿ ನೋಡಲು ಸರ್ಕಾರ ಕಾರ್ಯಪಡೆ ನೇಮಿಸಿತು, ಏಜೆಂಟ್‌ಗೆ ಕೆನಡಾದಲ್ಲೇ ಜೈಲಾಯಿತು. ಆದರೆ ಅಲ್ಲಿಯವರೆಗೆ ಆ ಮಕ್ಕಳು ಪಟ್ಟ ಪಾಡನ್ನು ಯಾವ ತೀರ್ಪೂ ತುಂಬಿಕೊಡಲಾರದು.

ನೇರವಾದ ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗೆ, ಕಾಗದ ಸರಿಯಿದ್ದು ಇಂಗ್ಲಿಷ್ ಓದಿ ಅರ್ಥವಾಗುವವರಿಗೆ, ಯಾರ ನೆರವೂ ಬೇಕಿಲ್ಲ. ಇಲಾಖೆಯ ಶುಲ್ಕ ಎಲ್ಲರಿಗೂ ಒಂದೇ: 2024ರ ಏಪ್ರಿಲ್ 30ರ ಪರಿಷ್ಕರಣೆಯಂತೆ ಮುಖ್ಯ ಅರ್ಜಿದಾರರಿಗೆ ಒಟ್ಟು 1,525 ಡಾಲರ್. ಪ್ರತಿನಿಧಿ ಇದ್ದ ಮಾತ್ರಕ್ಕೆ ಫೈಲ್ ಬೇಗ ಓಡುವುದಿಲ್ಲ. ಹಿಂದೊಮ್ಮೆ ವೀಸಾ ನಿರಾಕರಣೆ, ಪೊಲೀಸ್ ಕೇಸು, ವಿಚ್ಛೇದನದ ನಂತರದ ಮಕ್ಕಳ ಪಾಲನೆ, ಆರೋಗ್ಯದ ತೊಡಕು, ಹಳೆಯ ಅರ್ಜಿಯಲ್ಲಿ ತಪ್ಪು ಮಾಹಿತಿ ಇವು ಇದ್ದರೆ ವಕೀಲರಿಗೆ ಕೊಡುವ ದುಡ್ಡು ದಂಡವಲ್ಲ.

ಅರ್ಜಿ ತಿರಸ್ಕೃತವಾದರೆ

ತಪ್ಪು ಮಾಹಿತಿಯ ಅನುಮಾನ ಬಂದರೆ ಅಧಿಕಾರಿ ಮೊದಲು ಫೇರ್‌ನೆಸ್ ಲೆಟರ್ ಎಂಬ ನೋಟಿಸ್ ಕಳಿಸಿ ವಿವರಣೆ ಕೇಳಬೇಕು. ಇದಕ್ಕೆ ಕೊಡುವ ಉತ್ತರ ಮುಂದಿನ ಐದು ವರ್ಷವನ್ನು ತೀರ್ಮಾನಿಸಬಹುದು. ಇದನ್ನು ಮಾತ್ರ ಸ್ವಂತವಾಗಿ ಬರೆಯಲು ಹೋಗಬಾರದು. ಅಧಿಕಾರಿಗಳು ನ್ಯಾಯಸಮ್ಮತವಾಗಿ ನಡೆದುಕೊಳ್ಳಬೇಕೆಂಬ ತತ್ವವನ್ನು ಗಟ್ಟಿ ಮಾಡಿದ್ದು 1999ರ ಬೇಕರ್ ತೀರ್ಪು. ಜಮೈಕಾದಿಂದ ಬಂದು, ಮನೆಗೆಲಸ ಮಾಡಿಕೊಂಡಿದ್ದ ತಾಯಿಯೊಬ್ಬರನ್ನು ಗಡೀಪಾರು ಮಾಡುವ ಮುನ್ನ ಕೆನಡಾದಲ್ಲಿ ಹುಟ್ಟಿದ ಅವರ ಮಕ್ಕಳ ಹಿತವನ್ನು ಸರಿಯಾಗಿ ತೂಗಲಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಹಿಂದೆ 1985ರ ಏಪ್ರಿಲ್ 4ರ ಸಿಂಗ್ ತೀರ್ಪು, ಆಶ್ರಯ ಕೇಳುವವರ ಮಾತನ್ನು ಎದುರು ಕೂರಿಸಿಕೊಂಡು ಕೇಳಬೇಕೆಂದಿತ್ತು.

ನಿರಾಕರಣೆ ಬಂದಾಗ ಮೊದಲು ಮಾಡಬೇಕಾದದ್ದು ಅಧಿಕಾರಿಯ ಟಿಪ್ಪಣಿಗಳನ್ನು ತರಿಸುವುದು. 2022ರ ಜುಲೈನಿಂದ ಕೆನಡಾದ ಹೊರಗಿರುವವರೂ ಪ್ರೈವಸಿ ಕಾಯ್ದೆಯಡಿ ತಮ್ಮ ಕಡತವನ್ನು ನೇರವಾಗಿ ಕೇಳಬಹುದು. ಇಲಾಖೆಯ ಪತ್ರದಲ್ಲಿ ಎರಡು ಸಾಲಿದ್ದರೆ ಟಿಪ್ಪಣಿಯಲ್ಲಿ ನಿಜವಾದ ಕಾರಣ ಸಿಗುತ್ತದೆ. ಆಮೇಲೆ ಫೆಡರಲ್ ಕೋರ್ಟಿಗೆ ಹೋಗಬಹುದು: ಕೆನಡಾದೊಳಗಿನ ತೀರ್ಮಾನಕ್ಕೆ 15 ದಿನ, ಹೊರಗಿನದಕ್ಕೆ 60 ದಿನ. ಮೊದಲು ಕೋರ್ಟಿನ ಅನುಮತಿ ಬೇಕು. ಗೆದ್ದರೆ ಕೋರ್ಟು ವೀಸಾ ಕೊಡುವುದಿಲ್ಲ, ಅರ್ಜಿಯನ್ನು ಬೇರೊಬ್ಬ ಅಧಿಕಾರಿಗೆ ಮರುಪರಿಶೀಲನೆಗೆ ಕಳಿಸುತ್ತದೆ. ಇಲ್ಲಿ ವಾದಿಸುವ ಅಧಿಕಾರ ಕನ್ಸಲ್ಟೆಂಟ್‌ಗಳಿಗಿಲ್ಲ, ವಕೀಲರೇ ಬೇಕು. ಸಂಗಾತಿಯ ಅರ್ಜಿ ತಿರಸ್ಕೃತವಾದರೆ ಕರೆಸಿಕೊಳ್ಳುತ್ತಿರುವವರು ವಲಸೆ ಮೇಲ್ಮನವಿ ಮಂಡಳಿಗೆ ಹೋಗಬಹುದು. ನಮ್ಮ ಕಡೆಯ ಹಿರಿಯರು ನಿಶ್ಚಯಿಸಿದ ಮದುವೆಗಳನ್ನು ಅಧಿಕಾರಿಗಳು ಅನುಮಾನಿಸುವುದುಂಟು. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರದ ಜೊತೆಗೆ ನಿಶ್ಚಿತಾರ್ಥದ ಫೋಟೊ, ಲಗ್ನಪತ್ರಿಕೆ, ಎರಡೂ ಮನೆಯವರ ಓಡಾಟದ ದಾಖಲೆಗಳು ಆಗ ಕೈಹಿಡಿಯುತ್ತವೆ.

ಪಿಆರ್ ಬಂದ ಮೇಲೆ

ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿರಬೇಕು. ಒಮ್ಮೆ ಹೋಗಿ ಲ್ಯಾಂಡಿಂಗ್ ಮಾಡಿ, ಬೆಂಗಳೂರಿನ ಕೆಲಸಕ್ಕೆ ಮರಳಿ, ಕಾರ್ಡು ಐದು ವರ್ಷ ಇದೆಯಲ್ಲ ಎಂದು ಕೂತವರು ಹಕ್ಕು ಕಳೆದುಕೊಳ್ಳುವುದು ಈ ಲೆಕ್ಕ ತಪ್ಪಿದಾಗ. ಪೌರತ್ವಕ್ಕೆ ಐದು ವರ್ಷಗಳಲ್ಲಿ 1,095 ದಿನ ಬೇಕು.

ಪಿಆರ್ ಇರುವವರೆಗೂ ಭಾರತದ ಪೌರತ್ವಕ್ಕೆ ಧಕ್ಕೆಯಿಲ್ಲ. ಕೆನಡಾದ ಪೌರತ್ವ ಪಡೆದ ದಿನ ಅದು ತಾನಾಗಿಯೇ ಹೋಗುತ್ತದೆ, ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ಆಮೇಲೆ 2005ರಲ್ಲಿ ಬಂದ ಒಸಿಐ ಕಾರ್ಡ್ ಮಾಡಿಸಿಕೊಂಡರೆ ವೀಸಾ ಇಲ್ಲದೆ ಬಂದುಹೋಗಬಹುದು, ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಆ ನಿರ್ಬಂಧ ಪೌರತ್ವ ಬದಲಿಸಿದವರಿಗಷ್ಟೇ ಅಲ್ಲ, ವಿದೇಶದಲ್ಲಿ ನೆಲೆಸಿದ ಭಾರತೀಯ ಪೌರರಿಗೂ ಇದೆ, ಎಂದರೆ ಪಿಆರ್ ಪಡೆದು ಅಲ್ಲಿ ನೆಲೆಸಿದವರಿಗೂ ಅನ್ವಯಿಸುತ್ತದೆ. ಇಲ್ಲಿರುವ ತಂದೆತಾಯಿಯಿಂದ ಪಾಲಿಗೆ ಬಂದ ಹೊಲ, ಅಡಿಕೆ ತೋಟ, ಗದ್ದೆಯನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ನೆಲೆಸಿರುವ ಭಾರತೀಯ ಪೌರರಿಗೆ ಮಾರಬೇಕು.